ಮೀನು ಡಾಕ್ಟರನ್ನು ಕೇಳಿ: ಸಿಹಿನೀರು, ಉಪ್ಪುನೀರು ಮತ್ತು ನಡುವಿನ ಹಾರ್ಮೋನು

ಅಡ್ಮಿನ್, ಮಡಿಕೇರಿ: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ ನಮ್ಮ ಕೆರೆ-ಮೀನು ಗುಂಪಿನಲ್ಲಿ ಮೀನು ಡಾಕ್ಟರ್ ಮೇಡಂ ಇರುತ್ತಾರೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವರು. ಮೀನಿನ ಹಾರ್ಮೋನಿನ ಮೇಲೆ ತುಂಬಾ ವರ್ಷ ಕೆಲಸ ಮಾಡಿದ್ದಾರೆ. ಹೊಳೆಗೂ ಸಮುದ್ರಕ್ಕೂ ಓಡಾಡುವ ಮೀನುಗಳು ಇವತ್ತಿನ ವಿಷಯ. ಒಬ್ಬರಿಗೆ ಒಂದು ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಕುಶಾಲನಗರ ಟೀಚರ್: ಮೇಡಂ ನಮಸ್ತೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು. "ಹಾರಂಗಿಯ ಮೀನನ್ನು ಸಮುದ್ರಕ್ಕೆ ಬಿಟ್ಟರೆ ಸಾಯುತ್ತದೆ ಅಂತೀರಿ. ಸಾಲ್ಮನ್ ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ, ಮತ್ತೆ ಹೊಳೆಗೆ ಬರುತ್ತದೆ ಅಂತಲೂ ಅಂತೀರಿ. ಅದಕ್ಕೆ ಮಾತ್ರ ಹೇಗೆ ಆಗುತ್ತೆ?" ಹಾರ್ಮೋನು ಅಂದೆ. ಅದಕ್ಕಿಂತ ಮುಂದೆ ನನಗೆ ಹೇಳಲು ಬರಲಿಲ್ಲ.

ಮೀನು ಮೇಡಂ: ಆ ಹುಡುಗಿಗೆ ನನ್ನ ಶಾಬಾಷ್ ಹೇಳಿ. ಅವಳು ಕೇಳಿದ್ದೇ ಇಡೀ ವಿಷಯದ ಬೇರು.

ಹೊಳೆಮೀನಾಗಲಿ ಕಡಲಮೀನಾಗಲಿ, ಮೂಳೆ ಇರುವ ಮೀನುಗಳ ರಕ್ತದಲ್ಲಿ ಉಪ್ಪು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರುತ್ತದೆ. ಲೀಟರಿಗೆ ಸುಮಾರು 9-10 ಗ್ರಾಂ. ಸಮುದ್ರದ ನೀರಿನಲ್ಲಿ 35 ಗ್ರಾಂ. ಹಾರಂಗಿಯಲ್ಲಿ ಇಲ್ಲ ಅನ್ನುವಷ್ಟು ಕಡಿಮೆ.

ಮಾವಿನಕಾಯಿ ಹೆಚ್ಚಿ ಉಪ್ಪು ಬೆರೆಸಿಟ್ಟರೆ ಬೆಳಗಾಗುವುದರೊಳಗೆ ನೀರು ಬಿಟ್ಟಿರುತ್ತದೆ, ಅಲ್ವಾ? ಸಮುದ್ರದಲ್ಲಿ ಮೀನಿನ ಪಾಡು ಅದೇ. ಮೈಯ ನೀರು ಹೊರಗೆ ಹೋಗುತ್ತಲೇ ಇರುತ್ತದೆ. ಅದಕ್ಕೆ ಅದು ಸಮುದ್ರದ ನೀರನ್ನೇ ಕುಡಿಯುತ್ತದೆ. ಜೊತೆಗೆ ಬಂದ ಉಪ್ಪನ್ನು ಕಿವಿರಿನಿಂದ ಹೊರಗೆ ತಳ್ಳುತ್ತದೆ. ಹೊಳೆಯಲ್ಲಿ ಎಲ್ಲ ತಿರುಗುಮುರುಗು. ನೆನೆಹಾಕಿದ ಒಣದ್ರಾಕ್ಷಿ ಊದುವ ಹಾಗೆ ನೀರು ಒಳಗೆ ನುಗ್ಗುತ್ತದೆ. ಹಾಗಾಗಿ ಹೊಳೆಮೀನು ನೀರು ಕುಡಿಯುವುದು ತೀರಾ ಕಡಿಮೆ. ತೆಳ್ಳಗಿನ ಮೂತ್ರ ಮಾತ್ರ ಹೊಯ್ಯುತ್ತಲೇ ಇರುತ್ತದೆ. ಕಳೆದುಹೋದ ಉಪ್ಪನ್ನು ಕಿವಿರಿನಿಂದ ಒಳಗೆ ಎಳೆದುಕೊಳ್ಳುತ್ತದೆ.

ಅಂದರೆ ಕಿವಿರು ಹೊಳೆಯಲ್ಲಿ ಉಪ್ಪು ಎಳೆಯಬೇಕು, ಸಮುದ್ರದಲ್ಲಿ ಉಪ್ಪು ತಳ್ಳಬೇಕು. ಹಾರಂಗಿಯ ಕಾಟ್ಲಾಗೆ ಎಳೆಯಲು ಮಾತ್ರ ಬರುತ್ತದೆ. ಸಾಲ್ಮನ್‌ಗೆ ಎರಡೂ ಬರುತ್ತದೆ. ಯಾವಾಗ ಯಾವುದು ಅಂತ ಅಪ್ಪಣೆ ಕೊಡುವುದು ಹಾರ್ಮೋನು. ಮರಿ ಇನ್ನೂ ಹೊಳೆಯಲ್ಲಿರುವಾಗಲೇ, ಹಗಲು ಉದ್ದವಾಗುತ್ತಾ ಬಂದ ಹಾಗೆ, ಬೆಳವಣಿಗೆಯ ಹಾರ್ಮೋನು, ಕಾರ್ಟಿಸಾಲ್, ಥೈರಾಯ್ಡ್ ಹಾರ್ಮೋನು ಮೂರೂ ಏರುತ್ತವೆ. ಮೈಮೇಲಿನ ಕಪ್ಪು ಪಟ್ಟೆ ಮಾಸಿ ಬೆಳ್ಳಿ ಬಣ್ಣ ಬರುತ್ತದೆ. ಕಿವಿರಿನಲ್ಲಿ ಉಪ್ಪು ತಳ್ಳುವ ಕೋಶಗಳು ಹೆಚ್ಚುತ್ತವೆ. ಸಮುದ್ರ ಮುಟ್ಟುವ ಮೊದಲೇ ಮೀನು ಸಮುದ್ರಕ್ಕೆ ತಯಾರಾಗಿರುತ್ತದೆ. ಆ ತಯಾರಿ ಕೆಲವು ವಾರ ಮಾತ್ರ ನಿಲ್ಲುತ್ತದೆ. ಅಷ್ಟರೊಳಗೆ ಸಮುದ್ರ ಸೇರದಿದ್ದರೆ ಕಿವಿರು ಮತ್ತೆ ಹೊಳೆಯ ಕಿವಿರೇ ಆಗುತ್ತದೆ.

ವಾಪಸ್ ಹೊಳೆಗೆ ಬರುವಾಗ ದೊಡ್ಡ ಕೆಲಸ ಪ್ರೊಲ್ಯಾಕ್ಟಿನ್‌ದು. ತಾಯಂದಿರಲ್ಲಿ ಹಾಲು ಬರಿಸುವ ಹಾರ್ಮೋನು ಇದೇ. ಮೀನಿನಲ್ಲಿ ಅದು ಉಪ್ಪು ಸೋರದಂತೆ ಕಾಯುತ್ತದೆ.

ಕುಶಾಲನಗರ ಟೀಚರ್: ತುಂಬಾ ಥ್ಯಾಂಕ್ಸ್ ಮೇಡಂ. ದ್ರಾಕ್ಷಿ, ಮಾವಿನಕಾಯಿ ಎರಡನ್ನೂ ನಾಳೆ ಕ್ಲಾಸಿನಲ್ಲೇ ಮಾಡಿ ತೋರಿಸುತ್ತೇನೆ.

ವಿರಾಜಪೇಟೆ: ಮೇಡಂ, ಸಂತೆಯ ಕಾಟ್ಲಾ, ರೋಹುಗೆ ಹಾರ್ಮೋನು ಇಂಜೆಕ್ಷನ್ ಕೊಡುತ್ತಾರಂತೆ. ತಿಂದರೆ ಹೆಣ್ಣುಮಕ್ಕಳು ಬೇಗ ದೊಡ್ಡವರಾಗುತ್ತಾರೆ ಅಂತಾರೆ. ನಿಜವಾ?

ಮೀನು ಮೇಡಂ: ಇಲ್ಲ. ಇಂಜೆಕ್ಷನ್ ಕೊಡುವುದು ಹ್ಯಾಚರಿಯಲ್ಲಿ, ಮೊಟ್ಟೆ ಇಡಿಸಲಿಕ್ಕೆ, ತಾಯಿ ಮೀನಿಗೆ ಮತ್ತು ಗಂಡಿಗೆ. ನೀವು ತಿನ್ನುವುದು ಅದರ ಮರಿ ಬೆಳೆದದ್ದನ್ನು. ಕಾಟ್ಲಾ, ರೋಹು ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆ ಇಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಜುಲೈ 10 ಮೀನು ಕೃಷಿಕರ ದಿನ ಆದದ್ದು ಅದರಿಂದಲೇ. ನಿಮ್ಮ ಕೆರೆಗೆ ವರ್ಷ ವರ್ಷ ಮರಿ ಸಿಗುತ್ತಿರುವುದೂ ಅದರಿಂದಲೇ.

ಪೊನ್ನಂಪೇಟೆ ತೋಟ: ಮೇಡಂ, ಅರ್ಜೆಂಟ್. ತೋಟದ ಕೆರೆ ಇದೆ. 20 ಮೀಟರ್ ಉದ್ದ, 15 ಅಗಲ, ಈಗ 2 ಮೀಟರ್ ನೀರು. ಕೇರಳದ ಕಡೆಯಿಂದ 500 ಕಾಳಾಂಜಿ (ಸೀಬಾಸ್ ಅನ್ನುವ ಕಡಲಮೀನು) ಮರಿ ತಂದೆ. ಸಿಹಿನೀರಿನಲ್ಲೂ ಬದುಕುತ್ತದೆ ಅಂದರು. ಒಂದು ವಿಡಿಯೋದಲ್ಲಿ, ಕೆರೆಗೆ ಹತ್ತು ಮೂಟೆ ಕಲ್ಲುಪ್ಪು ಹಾಕಿದರೆ ಸಮುದ್ರದ ನೀರಿನ ಹಾಗೇ ಆಗುತ್ತದೆ ಅಂತಿತ್ತು. 50 ಕೆಜಿಯ ಹತ್ತು ಮೂಟೆ ಹಾಕಿದೆ. ಪ್ಯಾಕೆಟ್ ಬಿಚ್ಚಿ ಮರಿಗಳನ್ನು ಸೀದಾ ಬಿಟ್ಟೆ. ಮಾರನೇ ದಿನದಿಂದ ಸಾಯುತ್ತಿವೆ. ಮೈ ಕಪ್ಪಗಾಗಿದೆ, ಏರಿಯ ಪಕ್ಕ ಬಂದು ಸುಮ್ನೆ ತೇಲುತ್ತವೆ, ಕೈ ಹಾಕಿದರೂ ಓಡುವುದಿಲ್ಲ. ಇವತ್ತಿಗೆ ಮೂರು ದಿನ. 310 ಸತ್ತದ್ದು ಲೆಕ್ಕ ಸಿಕ್ಕಿದೆ. ಇನ್ನೂ ಹತ್ತು ಮೂಟೆ ಹಾಕಲಾ?

ಮೀನು ಮೇಡಂ: ಹಾಕಬೇಡಿ. ಪ್ಯಾಕೆಟ್‌ನ ನೀರು ನಾಲಿಗೆಗೆ ಹೇಗಿತ್ತು?

ಪೊನ್ನಂಪೇಟೆ ತೋಟ: ಉಪ್ಪು. ಪೂರ್ತಿ ಸಮುದ್ರದ್ದೇ.

ವಿರಾಜಪೇಟೆ 2: ಮೇಡಂ, ಅಂಗಡಿ ಮೀನಿನಲ್ಲಿ ಹಾರ್ಮೋನು ಇರುತ್ತದಾ?

ಮೀನು ಮೇಡಂ: ಮೇಲೆ ಹೇಳಿದ್ದೇನೆ.

ಪೊನ್ನಂಪೇಟೆಯವರೇ, ಈಗ ನಿಮ್ಮದು. ಸ್ವಲ್ಪ ಉದ್ದ ಆಗುತ್ತದೆ. ಪೂರ್ತಿ ಓದಿ.

ಮೊದಲು ಲೆಕ್ಕ. 20 ಗುಣಿಸು 15 ಗುಣಿಸು 2 ಅಂದರೆ 600 ಘನ ಮೀಟರ್, ಅಂದರೆ 6 ಲಕ್ಷ ಲೀಟರ್ ನೀರು. ನೀವು ಹಾಕಿದ್ದು 500 ಕೆಜಿ. ಲೀಟರಿಗೆ ಒಂದು ಗ್ರಾಂ ಕೂಡ ಆಗಲಿಲ್ಲ. ಸಮುದ್ರದ ಹತ್ತಿರ, 30 ಗ್ರಾಂ ಬರಬೇಕಾದರೆ 18 ಟನ್ ಬೇಕು. 360 ಮೂಟೆ. ಆ ವಿಡಿಯೋ ಮಾಡಿದವನು ಒಂದು ಗುಣಾಕಾರವನ್ನೂ ಮಾಡಿಲ್ಲ. ಮೀನಿನ ಮಟ್ಟಿಗೆ ನಿಮ್ಮ ಹತ್ತು ಮೂಟೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 30 ಗ್ರಾಂ ಉಪ್ಪಿನಲ್ಲಿದ್ದ ಮರಿಗಳು ಒಂದೇ ನಿಮಿಷದಲ್ಲಿ ಸಿಹಿನೀರಿಗೆ ಬಿದ್ದವು.

ಒಳಗೆ ಆದದ್ದು ಇದು. ಅವುಗಳ ಕಿವಿರಿನಲ್ಲಿದ್ದದ್ದು ಉಪ್ಪು ತಳ್ಳುವ ಕೋಶಗಳು. ಅವಕ್ಕೆ ನೀರು ಬದಲಾದದ್ದು ಗೊತ್ತಾಗಿ ಬಾಗಿಲು ಮುಚ್ಚಿಕೊಳ್ಳಲು ಹೊತ್ತು ಬೇಕು. ಅಲ್ಲಿಯವರೆಗೆ ಮೈಯ ಉಪ್ಪು ಸೋರುತ್ತಲೇ ಇರುತ್ತದೆ, ನೀರು ಒಳಗೆ ನುಗ್ಗುತ್ತಲೇ ಇರುತ್ತದೆ. ರಕ್ತ ತೆಳ್ಳಗಾಗುತ್ತದೆ. ಮೆದುಳಿನ ಕೆಳಗೆ ಪಿಟ್ಯುಟರಿ ಅಂತ ಒಂದು ಗ್ರಂಥಿ ಇದೆ. ಈ ಮರಿಗಳಲ್ಲಿ ಅದು ಸಾಸಿವೆ ಕಾಳಿಗಿಂತಲೂ ಸಣ್ಣದು. ಅದರ ಮುಂಭಾಗದ ಕೋಶಗಳು ಪ್ರೊಲ್ಯಾಕ್ಟಿನ್ ತಯಾರಿಸುತ್ತವೆ. ತಿಲಾಪಿಯಾ ಮೀನಿನಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ರಕ್ತ ತೆಳ್ಳಗಾದದ್ದನ್ನು ಆ ಕೋಶ ತಾನೇ ಗುರುತಿಸಿ ಪ್ರೊಲ್ಯಾಕ್ಟಿನ್ ಬಿಡುತ್ತದೆ. ಅದು ಕಿವಿರಿಗೆ ಹೋಗಿ ತಳ್ಳುವ ಕೋಶಗಳನ್ನು ಇಳಿಸಿ, ಎಳೆಯುವ ಕೋಶಗಳನ್ನು ಎಬ್ಬಿಸಬೇಕು. ಇದು ಸ್ವಿಚ್ ಒತ್ತಿದ ಹಾಗೆ ಆಗುವುದಿಲ್ಲ. ಹೊಸ ಕೋಶ ಹುಟ್ಟಿ ಬೆಳೆಯಬೇಕು. ದಿನಗಳು ಬೇಕು. ನಿಮ್ಮ 310 ಮರಿಗಳಿಗೆ ಆ ದಿನಗಳು ಸಿಗಲಿಲ್ಲ.

ಪ್ರೊಲ್ಯಾಕ್ಟಿನ್‌ಗೆ ಇಷ್ಟು ಬಲ ಇದೆ ಅಂತ ತೋರಿಸಿದವರು ಅಮೆರಿಕದ ಗ್ರೇಸ್ ಪಿಕ್‌ಫೋರ್ಡ್. ಕಿಲ್ಲಿಫಿಶ್ ಅಂತ ಒಂದು ಸಣ್ಣ ಮೀನು, ಉಪ್ಪಿನಲ್ಲೂ ಸಿಹಿಯಲ್ಲೂ ಬದುಕುವಂಥದ್ದು. ಅದರ ಪಿಟ್ಯುಟರಿ ತೆಗೆದರೆ ಉಪ್ಪುನೀರಿನಲ್ಲಿ ಬದುಕಿತು, ಸಿಹಿನೀರಿನಲ್ಲಿ ಸತ್ತಿತು. ಪ್ರೊಲ್ಯಾಕ್ಟಿನ್ ಚುಚ್ಚಿದಾಗ ಸಿಹಿನೀರಿನಲ್ಲೂ ಬದುಕಿತು. ಇದು ಪ್ರಕಟವಾದದ್ದು 1959ರಲ್ಲಿ. ಓದುವ ಕಾಲದಲ್ಲಿ ಈ ಪ್ರಯೋಗ ಓದಿ ನಾನು ಎರಡು ರಾತ್ರಿ ಇದನ್ನೇ ಯೋಚಿಸಿದ್ದೆ. ಒಂದು ಹನಿ ಹಾರ್ಮೋನು ಒಂದು ಜೀವಕ್ಕೆ ಹೊಳೆಯ ಬಾಗಿಲು ತೆಗೆಯುತ್ತದೆ.

ಸರಿಯಾದ ಕ್ರಮ ಹೀಗಿತ್ತು. ಮರಿಗಳನ್ನು ಮೊದಲು ಸಣ್ಣ ಟ್ಯಾಂಕಿನಲ್ಲಿ, ತಂದ ನೀರಿನ ಉಪ್ಪಿನಲ್ಲೇ ಇಡಬೇಕು. ದಿನಕ್ಕೆ ಲೀಟರಿಗೆ ಐದು ಗ್ರಾಂನಂತೆ ಇಳಿಸುತ್ತಾ ಬಂದರೆ ಒಂದು ವಾರದಲ್ಲಿ ಸಿಹಿನೀರಿಗೆ ಬರುತ್ತವೆ. ಕೊನೆಯ ಐದು ಗ್ರಾಂ ಇಳಿಸುವಾಗ ಇನ್ನೂ ನಿಧಾನ. ಇಲ್ಲದಿದ್ದರೆ ಹ್ಯಾಚರಿಯಲ್ಲೇ ಸಿಹಿನೀರಿಗೆ ಪಳಗಿಸಿದ ಮರಿ ಕೇಳಿ ತರಬೇಕು.

ಈಗ ಉಳಿದದ್ದಕ್ಕೆ: ಸತ್ತದ್ದನ್ನೆಲ್ಲ ತೆಗೆಯಿರಿ, ಕೊಳೆಯಲು ಬಿಡಬೇಡಿ. ಎರಡು ದಿನ ತಿಂಡಿ ಹಾಕಬೇಡಿ. ಬಲೆ ಹಾಕಿ ಹಿಡಿದು ನೋಡಬೇಡಿ. ಪ್ರತಿ ಸಲ ಹೆದರಿದಾಗಲೂ ಕಿವಿರಿನಿಂದ ಇನ್ನಷ್ಟು ಉಪ್ಪು ಸೋರುತ್ತದೆ. ಏರೇಟರ್ ಇದ್ದರೆ ರಾತ್ರಿಯೆಲ್ಲ ಓಡಿಸಿ. ಮೂರು ದಿನ ದಾಟಿದ ಮರಿಗಳು ಹೆಚ್ಚಿನಂಶ ಉಳಿಯುತ್ತವೆ. ಡಿಸೆಂಬರ್ ಚಳಿಯಲ್ಲಿ ಇವು ತಿನ್ನುವುದೇ ಕಡಿಮೆ, ಇದು ಬೆಚ್ಚಗಿನ ನೀರಿನ ಮೀನು. ಆಗ ಮತ್ತೆ ಗಾಬರಿಯಾಗಿ ಏನಾದರೂ ಸುರಿಯಬೇಡಿ.

ನನಗೆ ಮೀನಿಗಿಂತ ದೊಡ್ಡ ಚಿಂತೆ ಇನ್ನೊಂದಿದೆ. ಫೆಬ್ರವರಿಯಲ್ಲಿ ಕಾಫಿಗೆ ಹೂವು ಅರಳಿಸುವ ನೀರು ಹೊಡೆಯುವುದು ಇದೇ ಕೆರೆಯಿಂದಲಾ?

ಪೊನ್ನಂಪೇಟೆ ತೋಟ: ಹೌದು ಮೇಡಂ. ಹನ್ನೆರಡು ಎಕರೆ ರೊಬಸ್ಟಾ. ಬೇರೆ ನೀರಿಲ್ಲ.

ಮೀನು ಮೇಡಂ: ಹಾಗಾದರೆ ಇದನ್ನು ಮರೆಯಲೇಬೇಡಿ. ಮೀನಿಗೆ ಏನೂ ಅಲ್ಲದ ಈ ಉಪ್ಪು ಕಾಫಿಗೆ ಜಾಸ್ತಿ. ಸ್ಪ್ರಿಂಕ್ಲರ್‌ನಲ್ಲಿ ಎಲೆಯ ಮೇಲೆ, ಮೊಗ್ಗಿನ ಮೇಲೆ ಬಿದ್ದು ಒಣಗಿದರೆ ಅಂಚು ಸುಡುತ್ತದೆ. ಬೇಸಿಗೆಯಲ್ಲಿ ಕೆರೆಯ ನೀರು ಇಳಿದ ಹಾಗೆ ಉಪ್ಪು ಇನ್ನೂ ಗಟ್ಟಿಯಾಗುತ್ತದೆ. ಈಗ ತುಲಾ ತಿಂಗಳ ಮಳೆ ಇದೆ. ಮೇಲಿನ ಕೊಲ್ಲಿಯ (ಸಣ್ಣ ತೊರೆಯ) ನೀರನ್ನು ಕೆರೆಗೆ ತಿರುಗಿಸಿ, ಕೋಡಿಯಲ್ಲಿ ಹರಿದುಹೋಗಲು ಬಿಡಿ. ಮರಿ ಹೋಗದಂತೆ ಕೋಡಿಗೆ ಬಲೆ ಕಟ್ಟಿ. ತಳದ ತೂಬು ಇದ್ದರೆ ಅದರಿಂದಲೂ ಬಿಡಿ, ಉಪ್ಪು ತಳದಲ್ಲೇ ಜಾಸ್ತಿ ನಿಂತಿರುತ್ತದೆ. ಜನವರಿಯಲ್ಲಿ ಒಂದು ಬಾಟಲಿ ನೀರು ಪರೀಕ್ಷೆ ಮಾಡಿಸಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಿಚಾರಿಸಿ. ರಿಪೋರ್ಟ್ ನೋಡದೆ ಮೋಟಾರ್ ಹಾಕಬೇಡಿ.

ನಾಪೋಕ್ಲು: ನಮ್ಮ ಕೆರೆಯಲ್ಲಿ ಪಾಚಿ ಜಾಸ್ತಿ. ಹುಲ್ಲುಗೆಂಡೆ ಮರಿ ಎಲ್ಲಿ ಸಿಗುತ್ತದೆ?

ಸುಂಟಿಕೊಪ್ಪ: ಮೇಡಂ, ಇದು ನೋಡಿ. ಫಾರ್ವರ್ಡ್ ಬಂದದ್ದು. "ಮೀನಿಗೆ ಉಪ್ಪು ತಡೆಯುವ ಶಕ್ತಿ ಕೊಡುವುದು ಕಾರ್ಟಿಸಾಲ್. ಆದ್ದರಿಂದ ಸ್ಟೀರಾಯ್ಡ್ ಮಾತ್ರೆ ಪುಡಿ ಮಾಡಿ ತಿಂಡಿಗೆ ಬೆರೆಸಿದರೆ ಯಾವ ನೀರಿನಲ್ಲೂ ಸಾಯುವುದಿಲ್ಲ. ಕೃಷಿಕ ಮಿತ್ರರಿಗೆ ಹಂಚಿ." ಪೊನ್ನಂಪೇಟೆಯವರಿಗೆ ಸಹಾಯ ಆಗಬಹುದು ಅಂತ ಹಾಕಿದೆ.

ಮೀನು ಮೇಡಂ: ಆಗುವುದಿಲ್ಲ. ಹಾನಿ ಆಗುತ್ತದೆ. ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಇದು ಪೂರ್ತಿ ಸುಳ್ಳಿಗಿಂತ ಅಪಾಯ. ಕಾರ್ಟಿಸಾಲ್ ಕಿವಿರಿಗೆ ಬೇಕು, ಹೌದು. ಬೆಳವಣಿಗೆಯ ಹಾರ್ಮೋನಿನ ಜೊತೆ ಸೇರಿದರೆ ಸಮುದ್ರದ ಕಿವಿರು ಕಟ್ಟುತ್ತದೆ, ಪ್ರೊಲ್ಯಾಕ್ಟಿನ್ ಜೊತೆ ಸೇರಿದರೆ ಹೊಳೆಯ ಕಿವಿರು ಕಟ್ಟುತ್ತದೆ. ಅದನ್ನು ಮೀನೇ ಅಳತೆ ನೋಡಿ ಬಿಡುತ್ತದೆ. ಕಾರ್ಟಿಸಾಲ್ ಅಂದರೆ ಹೆದರಿಕೆಯ ಹಾರ್ಮೋನೂ ಹೌದು. ಜಾಸ್ತಿ ದಿನ ಏರಿ ನಿಂತರೆ ರೋಗ ತಡೆಯುವ ಶಕ್ತಿ ಕುಸಿಯುತ್ತದೆ, ಬೆಳವಣಿಗೆ ನಿಲ್ಲುತ್ತದೆ, ಹುಣ್ಣು, ಬೂಷ್ಟು ಬರುತ್ತದೆ. ಆಮೇಲೆ ಆ ಮೀನನ್ನು ಜನ ತಿನ್ನುತ್ತಾರೆ. ಮನುಷ್ಯರ ಮಾತ್ರೆಯನ್ನು ಮೀನಿನ ತಿಂಡಿಗೆ ಬೆರೆಸಬೇಡಿ. ದಯವಿಟ್ಟು ಆ ಮೆಸೇಜ್ ಡಿಲೀಟ್ ಮಾಡಿ.

ಸುಂಟಿಕೊಪ್ಪ: ಒಳ್ಳೆಯದಕ್ಕೆ ಹಾಕಿದ್ದು ಮೇಡಂ.

ಮೀನು ಮೇಡಂ: ಗೊತ್ತು. 310 ಮರಿ ಸತ್ತದ್ದೂ ಒಳ್ಳೆಯದಕ್ಕೆ ಹಾಕಿದ ವಿಡಿಯೋದಿಂದಲೇ. ಡಿಲೀಟ್ ಮಾಡಿ.

ಸೋಮವಾರಪೇಟೆ: ಕಾವೇರಿಯ ಬಿಳಿಮೀನು ಕೂಡ ಸಮುದ್ರಕ್ಕೆ ಹೋಗಿ ಬರುತ್ತದಾ ಮೇಡಂ?

ಮೀನು ಮೇಡಂ: ಇಲ್ಲ. ಮಹಶೀರ್ ಹೊಳೆಯೊಳಗೇ ಮೇಲೆ ಕೆಳಗೆ ಓಡಾಡುತ್ತದೆ.

ವಿರಾಜಪೇಟೆ: ಮೇಡಂ, ನನ್ನದು ಮುಗಿದಿಲ್ಲ. ಇಂಜೆಕ್ಷನ್ ತಾಯಿ ಮೀನಿಗೆ ಮಾತ್ರ ಅಂದಿರಿ. ತಿಲಾಪಿಯಾ ಮರಿಗಳಿಗೆ ತಿಂಡಿಯಲ್ಲೇ ಹಾರ್ಮೋನು ಕೊಟ್ಟು ಎಲ್ಲವನ್ನೂ ಗಂಡು ಮಾಡುತ್ತಾರಲ್ಲ. ಅದನ್ನು ಯಾಕೆ ಹೇಳಲಿಲ್ಲ?

ಮೀನು ಮೇಡಂ: ನೀವು ಕೇಳಿದ್ದು ಕಾಟ್ಲಾ, ರೋಹು. ತಿಲಾಪಿಯಾದ್ದು ನಿಜ. ಮೊದಲ ಮೂರು ನಾಲ್ಕು ವಾರ, ಮರಿ ಇನ್ನೂ ಉಗುರಿನಷ್ಟಿರುವಾಗ ಕೊಡುತ್ತಾರೆ. ಮಾರುವುದು ತಿಂಗಳುಗಳ ಮೇಲೆ. ಅಷ್ಟರಲ್ಲಿ ಮೈಯಿಂದ ಹೋಗಿರುತ್ತದೆ. ಆ ಕೆಲಸ ಹ್ಯಾಚರಿಯದು. ಕೆರೆಯಲ್ಲಿ ಯಾರಾದರೂ ಕೊಡುತ್ತಿದ್ದರೆ ತಪ್ಪು.

ಬಿರುನಾಣಿ ಗದ್ದೆ: ಮೇಡಂ, ನನ್ನದು ಸ್ವಲ್ಪ ಬೇರೆ. ಮೊನ್ನೆ ರಾತ್ರಿ ಜೋರು ಮಳೆ ಬಂತು. ಗದ್ದೆಯ ನೀರು ಕೊಲ್ಲಿಗೆ ಬೀಳುವಲ್ಲಿ ಬಿದಿರಿನ ಕೂಳಿ ಇಟ್ಟಿದ್ದೆ. ಬೆಳಗ್ಗೆ ನೋಡಿದರೆ ಹಾವುಮೀನು. ಹತ್ತಿರ ಹತ್ತಿರ ಒಂದು ಮೀಟರ್ ಉದ್ದ, ನನ್ನ ಮುಂಗೈಯಷ್ಟು ದಪ್ಪ. ನಾವು ಚಿಕ್ಕಂದಿನಿಂದ ನೋಡಿದ ಹಾವುಮೀನು ಹೊಟ್ಟೆಯ ಕಡೆ ಹಳದಿ ಇರುತ್ತಿತ್ತು. ಇದರ ಹೊಟ್ಟೆ ಬೆಳ್ಳಿ ಲೋಟ ಉಜ್ಜಿದ ಹಾಗೆ ಹೊಳೆಯುತ್ತದೆ. ಕಣ್ಣು ತುಂಬಾ ದೊಡ್ಡದು. ನೀರಿನ ಡ್ರಮ್ಮಿನಲ್ಲಿ ಇಟ್ಟಿದ್ದೇನೆ. ಎರಡು ದಿನದಿಂದ ಎರೆಹುಳ ಹಾಕಿದರೂ ಮುಟ್ಟುತ್ತಿಲ್ಲ. ರಾತ್ರಿ ಆದರೆ ಡ್ರಮ್ಮಿನ ಗೋಡೆ ಹತ್ತಲು ನೋಡುತ್ತದೆ. ಏನಾದರೂ ಕಾಯಿಲೆಯಾ?

ಮೀನು ಮೇಡಂ: ಡ್ರಮ್ಮಿಗೆ ಮುಚ್ಚಳ ಇದೆಯಾ? ಒದ್ದೆ ಗೋಣಿ ಹೊದಿಸಿ ಕಲ್ಲಿಡಿ. ಆಮೇಲೆ ಟಾರ್ಚ್ ತೆಗೆದುಕೊಂಡು ಹೋಗಿ ನೋಡಿ ಹೇಳಿ. ತಲೆಯ ಹಿಂದೆ, ಎರಡು ಪಕ್ಕದಲ್ಲಿ ಕಿವಿಯ ಹಾಗೆ ಸಣ್ಣ ರೆಕ್ಕೆ ಇದೆಯಾ? ಬೆನ್ನಿನ ಮೇಲೆ ಬೆರಳು ಎಳೆದರೆ ಮುಳ್ಳು ತಾಗುತ್ತದಾ? ಕೈ ಒದ್ದೆ ಮಾಡಿಕೊಂಡು ಮುಟ್ಟಿ. ನಾನು ಕಾಯುತ್ತೇನೆ.

ಗೋಣಿಕೊಪ್ಪ: ಅಣ್ಣ, ಕಾಯಿಲೆ ಗೀಯಿಲೆ ಏನಿಲ್ಲ. ಅದರ ಹಸಿ ರಕ್ತ ಎರಡು ಚಮಚ ಬ್ರಾಂದಿಯಲ್ಲಿ ಬೆರೆಸಿ ಕುಡಿದರೆ ಉಬ್ಬಸ ಹೋಗುತ್ತದೆ. ಫಾರ್ವರ್ಡ್ ಇದೆ, ಹಾಕಲಾ? ಮಾಂಸಕ್ಕೆ ಕಾಚಂಪುಳಿ ಹಾಕಿ ಸಾರು.

ಮೀನು ಮೇಡಂ: ಹಾಕಬೇಡಿ. ಇದನ್ನು ಎಲ್ಲರೂ ಓದಿ. ಹಾವುಮೀನಿನ ಹಸಿ ರಕ್ತ ವಿಷ. ಬಾಯಿ, ಕಣ್ಣು, ಗಾಯಕ್ಕೆ ತಾಗಿದರೆ ಉರಿ, ಊತ. ಜಾಸ್ತಿ ಒಳಗೆ ಹೋದರೆ ಉಸಿರಾಟಕ್ಕೂ ಹೃದಯಕ್ಕೂ ತೊಂದರೆ. ಚೆನ್ನಾಗಿ ಬೇಯಿಸಿದರೆ ಆ ವಿಷ ಒಡೆದುಹೋಗುತ್ತದೆ, ಅದಕ್ಕೇ ಸಾರು ತಿಂದವರಿಗೆ ಏನೂ ಆಗುವುದಿಲ್ಲ. ಉಬ್ಬಸ ಇರುವವರಿಗೆ ಇದನ್ನು ಕುಡಿಸಬೇಡಿ. ಇನ್‌ಹೇಲರ್ ಬಿಡಿಸಬೇಡಿ.

ಗೋಣಿಕೊಪ್ಪ: ನಮ್ಮ ಅಜ್ಜ ವರ್ಷಕ್ಕೊಂದು ಸಲ ಕುಡಿಯುತ್ತಿದ್ದರು. 88 ವರ್ಷ ಬದುಕಿದರು.

ಸಿದ್ದಾಪುರ: ನಿಮ್ಮ ಅಜ್ಜ ಬದುಕಿದ್ದು ತೋಟದಲ್ಲಿ ದಿನಾ ಎಂಟು ಮೈಲಿ ನಡೆದದ್ದರಿಂದ. ಡಾಕ್ಟರ್ ವಿಷ ಅಂದ ಮೇಲೆ ಯಾಕೆ ವಾದ?

ಗೋಣಿಕೊಪ್ಪ: ನಾನು ನಿಮ್ಮನ್ನು ಕೇಳಲಿಲ್ಲ. ಹಳಬರ ಮದ್ದು ಅಂದರೆ ಎಲ್ಲರಿಗೂ ತಾತ್ಸಾರ ಆಗಿದೆ.

ಮೀನು ಮೇಡಂ: ಹಳಬರ ಮೇಲೆ ನನಗೆ ತಾತ್ಸಾರ ಇಲ್ಲ. ಯಾವ ಹೊಳೆಗೆ ಯಾವ ತಿಂಗಳು ಯಾವ ಮೀನು ಹತ್ತುತ್ತದೆ ಅಂತ ನನಗೆ ಕಲಿಸಿದ್ದು ಹಳಬರೇ. ರಕ್ತದ ವಿಷಯ ಮುಗಿಯಿತು.

ಬಿರುನಾಣಿ ಗದ್ದೆ: ಮೇಡಂ, ನೋಡಿದೆ. ತಲೆಯ ಹಿಂದೆ ಎರಡು ಸಣ್ಣ ರೆಕ್ಕೆ ಇದೆ. ಕಪ್ಪಗೆ, ತುದಿ ಸ್ವಲ್ಪ ಚೂಪು. ಬೆನ್ನಿನಲ್ಲಿ ಮುಳ್ಳಿಲ್ಲ. ಮೆತ್ತಗಿನ ಒಂದೇ ರೆಕ್ಕೆ ಬೆನ್ನಿನಿಂದ ಬಾಲ ಸುತ್ತಿ ಹೊಟ್ಟೆಯ ಕಡೆ ಬರುತ್ತದೆ.

ಮೀನು ಮೇಡಂ: ಹಾಗಾದರೆ ನಿಮ್ಮ ಡ್ರಮ್ಮಿನಲ್ಲಿರುವುದು ನಿಜವಾದ ಹಾವುಮೀನು, ವಿಜ್ಞಾನದ ಹೆಸರು ಆಂಗ್ವಿಲ್ಲಾ. ಬೆನ್ನಿನಲ್ಲಿ ಮುಳ್ಳಿರುವುದು ಬೇರೆ ಜಾತಿ. ಪಕ್ಕದ ರೆಕ್ಕೆಯೇ ಇಲ್ಲದ, ಕೆಸರಿನಲ್ಲಿರುವುದು ಇನ್ನೊಂದು ಜಾತಿ. ಎಲ್ಲವನ್ನೂ ನಾವು ಹಾವುಮೀನು ಅಂತಲೇ ಕರೆಯುತ್ತೇವೆ. ಆ ಎರಡೂ ಇಲ್ಲೇ ಹುಟ್ಟಿ ಇಲ್ಲೇ ಸಾಯುತ್ತವೆ. ಇದು ಹುಟ್ಟಿದ್ದು ಹಿಂದೂ ಮಹಾಸಾಗರದಲ್ಲಿ.

ಇದಕ್ಕೆ ಕಾಯಿಲೆ ಇಲ್ಲ. ಇದು ಹೊರಟಿದೆ.

ಸಾಲ್ಮನ್ ಹೊಳೆಯಲ್ಲಿ ಹುಟ್ಟಿ ಸಮುದ್ರದಲ್ಲಿ ಬೆಳೆಯುತ್ತದೆ ಅಂದೆನಲ್ಲ. ಹಾವುಮೀನು ಅದರ ತಿರುವುಮುರುವು. ಮೊಟ್ಟೆ ಒಡೆಯುವುದು ಕಡಲಿನಲ್ಲಿ. ಮರಿ ಮೊದಲು ಎಲೆಯ ಆಕಾರ, ಗಾಜಿನ ಹಾಗೆ ಪಾರದರ್ಶಕ. ಕಡಲಿನ ಪ್ರವಾಹದ ಜೊತೆ ತೇಲಿಕೊಂಡು ಕರಾವಳಿಯ ಕಡೆಗೆ ಬರುತ್ತದೆ. ಅಲ್ಲಿ ಥೈರಾಯ್ಡ್ ಹಾರ್ಮೋನು ಏರಿ ಎಲೆ ಹೋಗಿ ದಾರದಂಥ ಮೀನಾಗುತ್ತದೆ. ಆ ದಾರದಂಥ ಮರಿ ಹೊಳೆಗಳನ್ನು ಹತ್ತುತ್ತದೆ. ಥೈರಾಯ್ಡ್ ಚುರುಕಾಗಿರುವ ಮರಿ ಹೆಚ್ಚು ಮೇಲಕ್ಕೆ ಹೋಗುತ್ತದೆ ಅಂತ ಯುರೋಪಿನ ಹಾವುಮೀನಿನಲ್ಲಿ ನೋಡಿದ್ದಾರೆ. ನಿಮ್ಮದು ಕಣ್ಣೂರಿನ ಕಡಲಿನಿಂದ ವಳಪಟ್ಟಣಂ ಹೊಳೆ ಹತ್ತಿ, ಬರಪೊಳೆ ಹಿಡಿದು, ಬ್ರಹ್ಮಗಿರಿಯ ಬುಡಕ್ಕೆ ಬಂದಿದೆ. ಒದ್ದೆ ಬಂಡೆಗೆ ಮೈ ಅಂಟಿಸಿಕೊಂಡು ಹತ್ತುವ ಮರಿ ಅದು. ಬಂದಾಗ ನಿಮ್ಮ ಕಿರುಬೆರಳಿಗಿಂತ ತೆಳ್ಳಗಿದ್ದಿರಬೇಕು. ಇಷ್ಟು ದೊಡ್ಡದಾಗಿದೆ ಅಂದರೆ ಹೆಣ್ಣು. ಎಷ್ಟೋ ವರ್ಷ ನಿಮ್ಮ ಕೊಲ್ಲಿಯ ಏಡಿ, ಕಪ್ಪೆ ತಿಂದು ಬೆಳೆದಿದೆ.

ಈಗ ಅದರ ಮೈಯಲ್ಲಿ ಹಾರ್ಮೋನು ತಿರುಗಿದೆ. ಹಳದಿ ಹೊಟ್ಟೆ ಬೆಳ್ಳಿಯಾಗುತ್ತದೆ. ಕಣ್ಣು ದೊಡ್ಡದಾಗುತ್ತದೆ, ಆಳ ಕಡಲಿನ ಕತ್ತಲೆಗೆ. ಕರುಳು ಸಣ್ಣದಾಗುತ್ತದೆ, ಅದಕ್ಕೇ ನಿಮ್ಮ ಎರೆಹುಳ ಬೇಡ. ಇನ್ನು ಅದು ತಿನ್ನುವುದೇ ಇಲ್ಲ, ಮೈಯ ಕೊಬ್ಬಿನ ಮೇಲೆಯೇ ಪ್ರಯಾಣ. ಕಾರ್ಟಿಸಾಲ್ ಏರಿ ಕಿವಿರಿನಲ್ಲಿ ಉಪ್ಪು ತಳ್ಳುವ ಕೋಶ ಹೆಚ್ಚುತ್ತಿರುತ್ತದೆ. ಬಿರುನಾಣಿಯ ಸಿಹಿನೀರಿನಲ್ಲಿ ನಿಂತುಕೊಂಡೇ ಅದು ಸಮುದ್ರದ ಕಿವಿರು ಕಟ್ಟಿಕೊಳ್ಳುತ್ತಿದೆ. ಮೊಟ್ಟೆ ಮಾತ್ರ ಇನ್ನೂ ಬಲಿತಿಲ್ಲ. ಮೆದುಳಿನ ಡೋಪಮೈನ್ ಅನ್ನುವ ರಾಸಾಯನಿಕ ಅದಕ್ಕೆ ಬ್ರೇಕ್ ಹಾಕಿರುತ್ತದೆ, ಅದು ಬಿಡುವುದು ಕಡಲಿನಲ್ಲೇ. ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಇದು ಒಂದೇ ಸಲದ ಪ್ರಯಾಣ.

ಅದನ್ನು ಬಿಟ್ಟುಬಿಡಿ ಅಂತ ಕೇಳಿಕೊಳ್ಳುತ್ತೇನೆ. ಇವತ್ತೇ, ಕತ್ತಲಾದ ಮೇಲೆ, ಕೂಳಿಯ ಕೆಳಗೆ, ಹರಿಯುವ ನೀರಿಗೆ. ಮಳೆ ನಿಂತು ಕೊಲ್ಲಿ ಇಳಿದರೆ ದಾರಿ ಮುಚ್ಚುತ್ತದೆ.

ಶ್ರೀಮಂಗಲ: ಮೈ ಜುಂ ಅಂದಿತು ಮೇಡಂ. ನಮ್ಮ ಗದ್ದೆಯಲ್ಲೂ ಇದ್ದದ್ದು ನೆನಪಿದೆ.

ಸುಂಟಿಕೊಪ್ಪ: ಡೋಪಮೈನ್ ಬ್ರೇಕ್ ತೆಗೆಯಲು ಏನಾದರೂ ಮಾತ್ರೆ ಇದೆಯಾ? ಕೆರೆಯಲ್ಲೇ ಹಾವುಮೀನಿನ ಮರಿ ಮಾಡಬಹುದಲ್ಲ.

ಮೀನು ಮೇಡಂ: ಗೆಂಡೆಗೆ ಕೊಡುವ ಇಂಜೆಕ್ಷನ್‌ನಲ್ಲಿ ಡೋಂಪೆರಿಡೋನ್ ಅನ್ನುವ ಮದ್ದು ಇರುತ್ತದೆ. ಅದು ಆ ಬ್ರೇಕನ್ನೇ ತೆಗೆಯುತ್ತದೆ. ಹಾವುಮೀನಿಗೆ ಅಷ್ಟರಿಂದ ಆಗುವುದಿಲ್ಲ. ಮಾತ್ರೆಯ ವಿಚಾರ ಇನ್ನು ಕೇಳಬೇಡಿ.

ಸಿದ್ದಾಪುರ: ಮೇಡಂ, ನಮ್ಮ ಕಾವೇರಿಯಲ್ಲಿ ಅಪ್ಪನ ಕಾಲದಲ್ಲಿ ತೊಡೆಯಷ್ಟು ದಪ್ಪದ ಹಾವುಮೀನು ಸಿಗುತ್ತಿತ್ತಂತೆ. ನಾನು ಒಂದೂ ನೋಡಿಲ್ಲ. ಅಣೆಕಟ್ಟಿನಿಂದಲಾ?

ಮೀನು ಮೇಡಂ: ದೊಡ್ಡ ಕಾರಣ ಅದೇ. ಬರಪೊಳೆ ಪಶ್ಚಿಮಕ್ಕೆ ಹರಿಯುತ್ತದೆ, ಕಡಲು ಹತ್ತಿರ. ಕಾವೇರಿಯಲ್ಲಿ ಬಂಗಾಳ ಕೊಲ್ಲಿಯಿಂದ ಇಲ್ಲಿಯವರೆಗೆ ಹತ್ತಿ ಬರಬೇಕು. ನಡುವೆ 1934ರ ಮೆಟ್ಟೂರು, ಮೇಲೆ ಕೆಆರ್‌ಎಸ್. ಹಿಲ್ಸಾ ಮೀನು ಕೂಡ ಮೊಟ್ಟೆ ಇಡಲು ಕಾವೇರಿ ಹತ್ತುತ್ತಿತ್ತು, ಮೆಟ್ಟೂರು ಕಟ್ಟಿದ ಮೇಲೆ ಆ ದಾರಿ ತುಂಡಾಯಿತು. ಗಂಗೆಯಲ್ಲಿ 1975ರ ಫರಕ್ಕಾ ಬ್ಯಾರೇಜ್ ಆದ ಮೇಲೂ ಅದೇ ಕಥೆ. ಮೈ ಪೂರ್ತಿ ತಯಾರಾಗಿದ್ದರೂ ದಾರಿ ಇಲ್ಲದಿದ್ದರೆ ಮೀನು ಏನು ಮಾಡಬೇಕು?

ಕುಶಾಲನಗರ: ಅಣೆಕಟ್ಟು ಇಲ್ಲದಿದ್ದರೆ ಮಂಡ್ಯದವರು ಏನು ತಿನ್ನಬೇಕು? ಎರಡು ಮೀನಿಗೋಸ್ಕರ ಅಣೆಕಟ್ಟು ಬೈಯುವುದು ಫ್ಯಾಷನ್ ಆಗಿದೆ.

ಸಿದ್ದಾಪುರ: ಬೈದವರು ಯಾರು? ಕಾರಣ ಕೇಳಿದೆ. ಮೀನಿಗೆ ಏಣಿ ಕಟ್ಟಬಹುದಿತ್ತು.

ಕುಶಾಲನಗರ: ಮೀನಿಗೆ ಏಣಿ! ಮೊದಲು ನಮ್ಮ ಕಡೆ ಪ್ರವಾಹಕ್ಕೆ ಮನೆ ಮುಳುಗುವುದು ನಿಲ್ಲಿಸಲಿ.

ಶ್ರೀಮಂಗಲ: ಪ್ರವಾಹಕ್ಕೂ ಮೀನಿಗೂ ಏನು ಸಂಬಂಧ? ಹೊಳೆ ದಂಡೆಯಲ್ಲಿ ರೆಸಾರ್ಟ್ ಕಟ್ಟಿದವರನ್ನು ಕೇಳಿ.

ಕುಶಾಲನಗರ: ನನಗೆ ರೆಸಾರ್ಟ್ ಇದೆಯಾ? ಮಾತು ನೋಡಿಕೊಂಡು ಆಡಿ.

ಅಡ್ಮಿನ್, ಮಡಿಕೇರಿ: ದಯವಿಟ್ಟು ನಿಲ್ಲಿಸಿ. ವಿಷಯಕ್ಕೆ ಬನ್ನಿ.

ನಾಪೋಕ್ಲು: ಹುಲ್ಲುಗೆಂಡೆ ಮರಿ?

ಗೋಣಿಕೊಪ್ಪ: ಬಿರುನಾಣಿ ಅಣ್ಣ, ಬಿಡಬೇಡಿ. ನಾಳೆ ಬೆಳಗ್ಗೆ ನಾನೇ ಬರುತ್ತೇನೆ. ಎರಡು ಸಾವಿರ ಕೊಡುತ್ತೇನೆ. ನೀವು ಬಿಟ್ಟರೆ ಕೆಳಗೆ ಕೇರಳದವರು ಹಿಡಿದು ತಿನ್ನುತ್ತಾರೆ, ಅಷ್ಟೇ.

ಶ್ರೀಮಂಗಲ: ಯಾರೋ ತಿನ್ನುತ್ತಾರೆ ಅಂತ ನಾವೇ ಕೊಲ್ಲಬೇಕಾ?

ಗೋಣಿಕೊಪ್ಪ: ನೀವು ಮೀನು ತಿನ್ನುವುದಿಲ್ಲವಾ? ನಿನ್ನೆ ಮತ್ತಿ ತಗೊಳ್ಳುವುದು ನಾನು ನೋಡಿದ್ದೇನೆ.

ಮೀನು ಮೇಡಂ: ಮೀನು ತಿನ್ನಬೇಡಿ ಅಂತ ನಾನು ಯಾರಿಗೂ ಹೇಳಿಲ್ಲ. ನಾನೂ ತಿನ್ನುತ್ತೇನೆ. ಈ ಒಂದು ಮೀನಿನ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆ ಬಲಿಯಬೇಕಾಗಿದೆ. ಮುಂದೆ ಬರಪೊಳೆ ಹತ್ತುವ ಮರಿ ಇಂಥವುಗಳಿಂದಲೇ ಬರಬೇಕು. ಕೆರೆಯಲ್ಲಿ, ಹ್ಯಾಚರಿಯಲ್ಲಿ ಇದನ್ನು ಹುಟ್ಟಿಸಿಕೊಳ್ಳಲು ನಮಗೆ ಆಗುವುದಿಲ್ಲ.

ಗೋಣಿಕೊಪ್ಪ: ಡಾಕ್ಟರ್‌ಗಳಿಗೆ ಹೇಳುವುದು ಸುಲಭ.

ಮೀನು ಮೇಡಂ: ಸುಲಭ ಅಲ್ಲ. ನಿಮ್ಮ ಜೊತೆ ಇನ್ನು ವಾದ ಮಾಡುವುದಿಲ್ಲ.

ವಿರಾಜಪೇಟೆ 3: ಈಗ ಜಾಯಿನ್ ಆದೆ. ಸಂತೆಯ ಮೀನಿಗೆ ಹಾರ್ಮೋನು ಇಂಜೆಕ್ಷನ್ ಕೊಡುತ್ತಾರಾ ಮೇಡಂ?

ಸಿದ್ದಾಪುರ: ಮೇಲೆ ಓದ್ರೀ.

ಪೊನ್ನಂಪೇಟೆ ತೋಟ: ಮೇಡಂ, ಸತ್ತದ್ದನ್ನೆಲ್ಲ ತೆಗೆದೆ. ಕೊಲ್ಲಿ ನೀರು ತಿರುಗಿಸಿದ್ದೇನೆ, ಕೋಡಿಗೆ ಸೊಳ್ಳೆ ಪರದೆಯ ಬಲೆ ಕಟ್ಟಿದೆ. ತಳದ ತೂಬೂ ತೆಗೆದೆ. ಸಂಜೆಯಿಂದ ಹೊಸದಾಗಿ ನಾಲ್ಕೇ ಸತ್ತಿವೆ.

ಮೀನು ಮೇಡಂ: ಒಳ್ಳೆಯದು. ಬಲೆಗೆ ಎಲೆ ಕಟ್ಟಿಕೊಂಡು ನೀರು ನಿಲ್ಲದ ಹಾಗೆ ರಾತ್ರಿ ಒಂದು ಸಲ ನೋಡಿ. ಉಳಿದ ಮರಿಗಳನ್ನು ಎರಡು ವಾರ ಬಿಟ್ಟು ದೊಡ್ಡದು ಸಣ್ಣದು ಅಂತ ಬೇರೆ ಮಾಡಬೇಕಾಗುತ್ತದೆ, ದೊಡ್ಡದು ಸಣ್ಣದನ್ನು ನುಂಗುತ್ತದೆ. ಆಗ ಕೇಳಿ.

ನಾಪೋಕ್ಲು: ಕೇಳಿ ಕೇಳಿ ಸಾಕಾಯಿತು. ಗುಂಪು ಬಿಡುತ್ತೇನೆ.

ಬಿರುನಾಣಿ ಗದ್ದೆ: ಮೇಡಂ, ಬಿಟ್ಟು ಬಂದೆ. ಮಗಳೂ ಬಂದಿದ್ದಳು. ಗೋಣಿಯಲ್ಲಿ ಸುತ್ತಿ ಕೂಳಿಯಿಂದ ನೂರು ಹೆಜ್ಜೆ ಕೆಳಗೆ, ಬಂಡೆಯ ಪಕ್ಕ ಬಿಟ್ಟೆವು. ಮೊದಲು ಕಲ್ಲಿನ ಸಂದಿಯಲ್ಲಿ ಸುಮ್ನೆ ನಿಂತಿತ್ತು, ತಲೆ ನೀರು ಬರುವ ಕಡೆಗೆ. ಮಗಳು ಟಾರ್ಚ್ ಆರಿಸಿದಳು. ಮತ್ತೆ ಹಾಕಿದಾಗ ತಿರುಗಿತ್ತು. ಒಂದು ಸಲ ಹೊಟ್ಟೆ ಹೊಳೆಯಿತು, ಅಷ್ಟೇ.

ಮೀನು ಮೇಡಂ: ತುಂಬಾ ಉಪಕಾರ ಆಯಿತು. ಮಗಳಿಗೂ ಹೇಳಿ. ಅಳತೆ ಏನಾದರೂ ತೆಗೆದಿರಾ?

ಬಿರುನಾಣಿ ಗದ್ದೆ: ಬಾಳೆ ನಾರಿನಲ್ಲಿ ಹಿಡಿದು ಗಂಟು ಹಾಕಿಟ್ಟಿದ್ದೇವೆ. ಒಂದು ಗಂಟು ಉದ್ದಕ್ಕೆ, ಒಂದು ಕಣ್ಣಿಗೆ. ನಾಳೆ ಬೆಳಕಿನಲ್ಲಿ ಅಳೆದು ಹಾಕುತ್ತೇನೆ. ಕೂಳಿಯನ್ನೂ ತೆಗೆದಿದ್ದೇನೆ, ಮಳೆ ಮುಗಿಯುವವರೆಗೆ.